ನಮ್ಮಕ್ಕನ ಒಪ್ಪಿಗಿ

ನಮ್ಮಕ್ಕ ಈರಮ್ಮನ್ನ ಈ ಲೋಕದಾಗ ಯಾರೂ ಏನೂ ಕೇಳಿದ್ದಿಲ್ಲ. ಹೊಟ್ಟಿ ಸಂಕಟಕ್ಕ ಹೇಳಾಕತ್ತೀನಿ ಅಂತ ತಿಳ್ಕಾಬ್ಯಾಡ್ರಿ, ಇದ್ದದ್ದು ಇದ್ದಂಗ ಹೇಳ್ತೀನಿ. ನಮ್ಮೂರು ಕುರುಗೋಡು. ನಮ್ಮಪ್ಪ ಹುಡುಗನ್ನ ನೋಡಿ ಬಂದು ನಮ್ಮವ್ವಗ ಹೇಳಿದ, ನಮ್ಮವ್ವ ರೊಟ್ಟಿ ಬಡ್ಕಂತ ಅಕ್ಕಗ ಹೇಳಿದ್ಲು. ಅಕ್ಕ ಆವಾಗ ತಲಿಮ್ಯಾಗಿನ ಕೊಡ ಇಳಸಾಕತ್ತಿದ್ಲು. ಇಳಿಸಿ, ಸೆರಗಿಲೆ ಮಾರಿ ಒರಿಸ್ಕಂಡು, ಹೂಂ ಅಂದ್ಲು. ನಾನು ಸಣ್ಣಾಕಿ, ಅಲ್ಲೇ ಕುಂತು ಶೇಂಗಾ ಸುಲೀತಿದ್ದೆ. ಅದು ಒಪ್ಪಿದ ಹೂಂ ಅಲ್ಲ, ಕಿವಿಗೆ ಬಿತ್ತು ಅನ್ನೋ ಹೂಂ ಅಂತ ನನಗ ಅವತ್ತೇ ತಿಳಿದಿತ್ತು.

ಗಂಡ ಉಚ್ಚೆಂಗೆಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಾಗ ಫಿಟ್ಟರ್. ಗಿರಣಿ ಹಿಂದ ಎರಡು ಖೋಲಿ ಕೊಟ್ಟಿದ್ರು. ಹಗಲು ರಾತ್ರಿ ದಡದಡ ಸಪ್ಪಳ, ಅನ್ನದ ಮ್ಯಾಲ ಹೊಟ್ಟಿನ ಧೂಳು. ಅಕ್ಕ ಅಲ್ಲಿ ಭತ್ತದ ನಾಟಿಗೆ ಹೋಗಿ ಸೊಂಟ ಮುರ್ಕಂಡ್ಲು, ಒಬ್ಬಾಕಿ ಮಗಳನ್ನ ಹಡದ್ಲು. ಮಗಳಿಗೆ ಜಯಶ್ರೀ ಅಂತ ಹೆಸರಿಟ್ಟದ್ದು ಆಕಿಗೆ ಗೊತ್ತಾಗಿದ್ದು ತೊಟ್ಲದ ದಿನ. ಆಮ್ಯಾಲ ಒಂದಿನ ಭಾವ ಬಂದು ಗಂಟು ಕಟ್ಟು ಅಂದ, ಬಳ್ಳಾರಿಗೆ ಬಂದ್ರು, ಪಾರ್ವತಿನಗರದ ಹಿಂದ್ಲ ಓಣ್ಯಾಗ ಮನಿ ಮಾಡಿದ್ರು. ಆಮ್ಯಾಲ ಇನ್ನೊಂದಿನ ಬಂದು, ನಾಳಿ ಬೆಳ್ಳನ್ನ ಸೀರಿ ಉಟ್ಕಾ, ಬುದ್ಧನ ದೀಕ್ಷಾ ತಗಳ್ಳೋದೈತಿ ಅಂದ. ಅಕ್ಕ ಬೆಳ್ಳನ್ನ ಸೀರಿ ಉಟ್ಲು. ಗೂಡಿನ್ಯಾಗಿನ ದೇವ್ರನ್ನ ಎಲ್ಲಿಗೆ ಕಳಸ್ಲಿ ಅಂತ ಕೇಳಾಕ ಆಕಿಗೆ ಬಾಯಿ ಬರ್ಲಿಲ್ಲ, ನಾನೇ ಒಯ್ದು ಹೊಳಿಗೆ ಬಿಟ್ಟು ಬಂದೆ.

ಭಾವ ಕೆಟ್ಟಾವಲ್ಲ, ಅದನ್ನೂ ಹೇಳಬೇಕು. ಒಂದಿನ ಕುಡಿದಿಲ್ಲ, ಕೈ ಎತ್ತಿಲ್ಲ. ಗಿರಣಿ ಸಪ್ಪಳದಾಗ ಮೂವತ್ತು ವರ್ಷ ಇದ್ದು ಮಾತು ಕಡಿಮಿ ಆಗಿತ್ತು ಅಷ್ಟ. ಹೆಂಡ್ತಿನ್ನ ಹೆಸರು ಹಿಡಿದು ಕರಿಯೋ ರೂಢಿ ನಮ್ಮ ಕಡಿ ಆ ವಯಸ್ಸಿನ ಗಂಡಸ್ರಿಗೆ ಇಲ್ಲ. ಏ ಅಂತಿದ್ದ, ಇಲ್ಲಾಂದ್ರ ಜಯಶ್ರೀ ಅವ್ವಾ ಅಂತಿದ್ದ. ಅಕ್ಕ ಸಾಲಿಯಾಗ ಬಿಸಿಯೂಟ ಮಾಡಾಕ ಸೇರಿದ್ಲು, ಇನ್ನೂರು ಹುಡುಗ್ರಿಗೆ ಅನ್ನ ಸಾರು ಬೇಯಿಸಿದ್ಲು, ಮನಿಗೆ ಬಂದು ಗಂಡಗ ಬ್ಯಾರೆ ಬೇಯಿಸಿದ್ಲು.

ನಾನು ಸುಮಂಗಲಾ, ಆಕಿ ತಂಗಿ. ಜೀನ್ಸ್ ಪ್ಯಾಂಟ್ ಹೊಲಿಯೋ ಶೆಡ್ಡಿನ್ಯಾಗ ಮಷಿನ್ ಮ್ಯಾಲ ಕೂಡ್ತೀನಿ. ನನಗ ಗಂಡ ಅನ್ನಾವ ಇದ್ದು ಸತ್ತು ಭಾಳ ವರ್ಷಾತು, ಅವತ್ತಿಂದ ಅಕ್ಕನ ಮನಿ ಪಕ್ಕದಾಗೇ ಇರ್ತೀನಿ. ಸಿಟ್ಟು ಮೂಗಿನ ತುದಿಮ್ಯಾಲ ಅಂತ ಎಲ್ರೂ ಅಂತಾರ, ಅನ್ಲಿ. ನಮ್ಮನ್ಯಾಗ ಒಬ್ಬರಿಗರ ಸಿಟ್ಟು ಇರ್ಬೇಕಲ್ಲ.

ಹೋದ ವರ್ಷ ನಮ್ಮ ಬುದ್ಧ ವಿಹಾರದಿಂದ ಸಿಂಹಳಕ್ಕ ಟೂರು ಹೊಂಟಿತು. ಕಂಟೋನ್ಮೆಂಟಿನ ಶೇಖರ್ ಮೇಷ್ಟ್ರು ಅದರ ಮುಖಂಡ. ಹೈಸ್ಕೂಲ್ ಮೇಷ್ಟ್ರು, ಆದಿತ್ಯವಾರ ವಿಹಾರದಾಗ ಪ್ರವಚನ ಮಾಡ್ತಾರ, ಬಾಯಿ ಭಾಳ ಚೊಲೋ. ಏಪ್ರಿಲ್ ಹದಿನಾಲ್ಕಕ್ಕ ಬಾಬಾಸಾಹೇಬರ ಜಯಂತಿ, ಈ ಸಲ ಜಯಂತಿನ ಅನುರಾಧಪುರದ ಬೋಧಿ ಮರದ ಕೆಳಗ ಮಾಡೋಣು ಅಂತ ಅವ್ರು ಅಂದಾಗ ವಿಹಾರದಾಗ ಎಲ್ರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ. ಮೋಕಾ ಊರಾಗಿರೋ ಮಗಳು ಜಯಶ್ರೀ, ಅವ್ವ ಅಪ್ಪ ಜೀವನದಾಗ ಒಂದ್ಸಲ ಇಮಾನ ಹತ್ಲಿ ಅಂತ ಹಟ ಹಿಡಿದು ಕಳಿಸಿದ್ಲು. ಅವ್ವಗ ಜೋಡಿ ಅಂತ ನನ್ನೂ ಹೊಂಡಿಸಿದ್ಲು. ಜಯಂತಿ ಅಂದ್ರ ನಮಗ ಓಣಿ ತುಂಬ ನೀಲಿ ಬಾವುಟ, ಡಿಜೆ, ದೊಡ್ಡ ಹಂಡೆದಾಗ ಪಾಯಸ. ಅಂಥಾ ದಿನ ಹೊರದೇಶದಾಗ ಎಷ್ಟು ಜೋರಿರ್ತೈತೋ ಅಂತ ನಾನು ಹೊಸಾ ನೀಲಿ ಸೀರಿ ಇಟ್ಕಂಡಿದ್ದೆ.

ಯಾರಿಗೂ ಗೊತ್ತಿಲ್ಲದ ಸಂಗ್ತಿ ಏನಂದ್ರ, ಅದೇ ದಿನ ಆ ದೇಶದವ್ರಿಗೆ ಉಗಾದಿ. ನಮ್ಮಂಗ ಒಂದು ದಿನ ಹೋಳಿಗಿ ತಿಂದು ಬಿಡೋ ಉಗಾದಿ ಅಲ್ಲ, ಇಡೀ ದೇಶ ಬಾಗ್ಲ ಹಾಕ್ಕಂಡು ತಮ್ಮ ತಮ್ಮ ಊರಿಗೆ ಹೋಗಿಬಿಡ್ತೈತಿ. ಮೇಷ್ಟ್ರು ಬೋಧಿ ಮರ ನೋಡಿದ್ರು, ಜಯಂತಿ ತಾರೀಖು ನೋಡಿದ್ರು, ಅಲ್ಲಿಯವ್ರಿಗೂ ಹಬ್ಬ ಇರ್ತಾವು ಅನ್ನೋದು ಅವ್ರ ತಲಿಗೆ ಹೊಳೀಲಿಲ್ಲ.

ನಾವು ಅನುರಾಧಪುರದ ಧರ್ಮಶಾಲಿ ಮುಟ್ಟಿದ್ದು ಹನ್ನೆರಡರ ಸಂಜಿಗೆ. ಬಸ್ಸಿನ ಡ್ರೈವರ್ ನಮ್ಮನ್ನ, ನಮ್ಮ ಗಂಟುಮೂಟಿ ಇಳಿಸಿ, ಹದಿನೈದಕ್ಕ ಬರ್ತೀನಿ ಅಂತ ಕೈಸನ್ನಿ ಮಾಡಿ ಹೋದ. ಮರುದಿನ ಮುಂಜಾನಿ ಎದ್ದು ನೋಡಿದ್ರ ಅಡಿಗಿಯವ್ರಿಲ್ಲ. ಅವ್ರೂ ಊರಿಗೆ. ಧರ್ಮಶಾಲಿ ನೋಡ್ಕೊಳ್ಳೋ ಹೆಂಗಸು ಒಬ್ಬಾಕಿ ಇದ್ಲು, ಆಕಿ ಮಾತು ನಮಗ ತಿಳೀದು, ನಮ್ಮ ಮಾತು ಆಕಿಗೆ ತಿಳೀದು. ಅಂಗಡಿ ಬಂದ್, ಹೋಟ್ಲು ಬಂದ್, ಆಟೋ ಒಂದೂ ಇಲ್ಲ. ವೈಫೈ ಬಂದ್, ಅದನ್ನ ನೋಡ್ಕೊಳ್ಳೋರು ಊರಿಗೆ ಹೋಗ್ಯಾರಂತ. ಪಾಸ್‌ಪೋರ್ಟು ಎಲ್ರದೂ ಮೇಷ್ಟ್ರ ಬ್ಯಾಗಿನ್ಯಾಗ. ಕಳಕೊಂಡಗಿಂಡೀರಿ ಅಂತ ಇಮಾನದಾಗೇ ಇಸ್ಕಂಡಿದ್ರು, ನಾವೇನು ಸಣ್ಣ ಹುಡುಗ್ರು ನೋಡ್ರಿ.

ಅಡಿಗಿಯವ್ರು ಇಲ್ಲ ಅಂದ್ಕೂಡ್ಲೇ ಎಲ್ರ ಕಣ್ಣು ಅಕ್ಕನ ಮ್ಯಾಲ ಬಿತ್ತು. ಆಕಿನೂ ಸೆರಗು ಸಿಗಿಸಿ ಒಲಿ ಮುಂದ ಕುಂತುಬಿಟ್ಲು. ಹೊರದೇಶಕ್ಕ ಬಂದ್ರೂ ನಮ್ಮಕ್ಕಗ ಒಲಿ ತಪ್ಪಲಿಲ್ಲ ಅಂತ ನಾನು ಗೊಣಗಿದೆ. ಅಲ್ಲೇ ಉಳ್ಳಾಗಡ್ಡಿ ಹೆಚ್ಕಂತ ಕುಂತಿದ್ದಾಗ ಮೇಷ್ಟ್ರು ಬಂದು, ಭಾಳ ಮರ್ಯಾದಿಲೆ ಕೈ ಮುಗಿದು, ಅಕ್ಕಾರ, ನಾಳಿ ಮುಂಜಾನಿ ಇಲ್ಲಿಯ ವಿಹಾರದ ಗುರುಗಳು ಭಂತೇಜಿ ನಿಮ್ಮನ್ನ ಒಂದು ಮಾತು ಕೇಳ್ತಾರ, ಹೂಂ ಅಂದ್ರ ಸಾಕು ಅಂದ್ರು. ಯಾವ ಮಾತು ಅಂತ ನಾನು ಕೇಳಿದೆ. ಮೇಷ್ಟ್ರ ಮಾರಿ ಒಂಥರಾ ಆತು. ನಿಮಗ ಉಚ್ಚೆಂಗೆಪ್ಪಣ್ಣ ಹೇಳಿಲ್ಲೇನು ಅಂದ್ರು.

ಹೇಳಿದ್ದಿಲ್ಲ. ಭಾವ ನಾಳಿ ಕಾವಿ ಚೀವರ ಉಟ್ಟು ಭಿಕ್ಕು ಆಗ್ತಾನಂತ. ನಮ್ಮ ಕಡಿ ಹತ್ತು ದಿನದ ಶಿಬಿರಕ್ಕ ಚೀವರ ಉಟ್ಟು ತಿರುಗಿ ಪ್ಯಾಂಟ್ ಹಾಕ್ಕಂತಾರಲ್ಲ, ಅದಲ್ಲ. ಖಾಯಂ. ಇಲ್ಲೇ ಧರ್ಮಶಾಲಿ ಪಕ್ಕದ ವಿಹಾರದಾಗ ಇದ್ದುಬಿಡ್ತಾನಂತ, ವೀಸಾಗೀಸಾ ಎಲ್ಲಾ ಅವ್ರೇ ನೋಡ್ಕಂತಾರಂತ. ವಿಹಾರದ ದೊಡ್ಡ ಭಂತೇಜಿ ಮಾತ್ರ ಒಂದು ನಿಯಮ ಇಟ್ಟಾರಂತ: ಅಪ್ಪ ಅವ್ವ ಇದ್ರ ಅವ್ರು ಒಪ್ಪಬೇಕು, ಇವನಿಗೆ ಅವ್ರಿಲ್ಲ, ಹಂಗಾಗಿ ಹೆಂಡ್ತಿ ಎಲ್ರ ಮುಂದ ಬಾಯಿಬಿಟ್ಟು ಒಪ್ಪಬೇಕು. ಬಂದ ಮಂದಿಗೆಲ್ಲ ಈ ಸುದ್ದಿ ಬಳ್ಳಾರಿಯಾಗೇ ಗೊತ್ತಿತ್ತು. ಗೊತ್ತಿಲ್ಲದವ್ರು ಅಂದ್ರ ನಾವಿಬ್ರೇ.

ಅಕ್ಕ ಸೌಟು ತಿರುವ್ತಾ ಇದ್ದಾಕಿ ತಿರುವ್ತಾನೇ ಇದ್ಲು. ಅಯ್ಯ ನನ್ನ ಶಿವನ ಅಂತ ನನ್ನ ಬಾಯಾಗ ಬಂತು. ದೀಕ್ಷಾ ತಗಂಡು ಎಷ್ಟು ವರ್ಷಾದ್ರೂ ನಾಲಿಗಿ ಹಳೇದು ಬಿಡವಲ್ದು. ಈಗೇ ಭಾವನ ಹತ್ರ ಹೋಗಿ ಕೊಳ್ಳಪಟ್ಟಿ ಹಿಡಿದು ಕೇಳ್ತೀನಿ ಅಂತ ಎದ್ದೆ. ಮೇಷ್ಟ್ರು ಅಡ್ಡ ನಿಂತ್ರು. ಅಣ್ಣ ಎಂಟು ಶೀಲದ ವ್ರತ ತಗಂಡಾನ, ಮೌನದಾಗ ಅದಾನ, ಗಂಡಸ್ರ ಕಡಿ ಹಾಲಿಗೆ ಹೆಣ್ಮಕ್ಕಳು ಬರಂಗಿಲ್ಲ, ಇದು ಸಿಟ್ಟು ಮಾಡೋ ಹೊತ್ತಲ್ಲ ಅಂದ್ರು. ಬಾಗ್ಲ ಸಂದಿಲೆ ನೋಡಿದೆ. ಬೆಳ್ಳನ್ನ ಬಟ್ಟಿ ಉಟ್ಟು, ಗ್ವಾಡಿ ಕಡಿ ಮಾರಿ ಮಾಡಿ, ಕಣ್ಣು ಮುಚ್ಕಂಡು ಕುಂತಿದ್ದ. ಅಂವಗ ಅಷ್ಟು ಬೆಳ್ಳನ್ನ ಬಟ್ಟಿ ಒಗೆದು ಮಡಿಚಿ ಕೊಟ್ಟಾಕಿ ನಮ್ಮಕ್ಕನೇ.

ಅಷ್ಟರಾಗ ಹೆಣ್ಮಕ್ಕಳೆಲ್ಲ ಅಡಿಗಿ ಮನ್ಯಾಗ ತುಂಬಿಬಿಟ್ರು. ಹಿರೇಕಿ ಗುರುಬಸಮ್ಮ, ನಮ್ಮ ಓಣಿಯಾಕಿನೇ, ನೀನು ಪುಣ್ಯವಂತಿ ಈರಮ್ಮ, ಬುದ್ಧನ ಹೆಂಡ್ತಿಗೆ ಸಿಕ್ಕ ಪುಣ್ಯ ನಿನಗ ಸಿಕ್ತು ಅಂತ ಅಕ್ಕನ ಕಾಲು ಮುಟ್ಟಿದ್ಲು. ಆಕಿ ಮುಟ್ಟಿದ್ದು ನೋಡಿ ಉಳಿದವ್ರು ಸಾಲು ಹಚ್ಚಿದ್ರು. ಒಬ್ಬಾಕಿ ಮಲ್ಲಿಗಿ ತಂದು ಮುಡಿಸಿದ್ಲು. ಒಬ್ಬಾಕಿ ಮೊಬೈಲ್‌ನ್ಯಾಗ ಫೋಟೋ ಹಿಡಿದ್ಲು. ಬುದ್ಧನ ಹೆಂಡ್ತಿ ಅರಮನ್ಯಾಗಿದ್ಲು, ಅತ್ತಿ ಮಾವ ಆಳು ಕಾಳು ಇದ್ರು, ನಮ್ಮಕ್ಕ ಬಾಡಿಗಿ ಮನ್ಯಾಗ ಅದಾಳ ಅಂತ ನಾನು ಅಂದೆ. ನನ್ನ ಮಾತು ಯಾರು ಕಿವಿಮ್ಯಾಲ ಹಾಕ್ಕಂತಾರ. ಅಕ್ಕ ಒಲಿ ಮುಂದ ಗೊಂಬಿಯಂಗ ಕುಂತಿದ್ಲು, ಒಬ್ಬೊಬ್ಬರು ಬಂದು ಆಕಿ ಕಾಲಿಗೆ ಬೀಳಾಕತ್ತಿದ್ರು.

ಬೈದಿದ್ರ ನಾನು ಬೈತಿದ್ದೆ. ಹೊಡೆದಿದ್ರ ಹೊಡೀತಿದ್ದೆ. ಕಾಲಿಗೆ ಬಿದ್ದವ್ರನ್ನ ಏನು ಮಾಡಬೇಕು?

ಜಯಶ್ರೀಗೆ ಫೋನ್ ಹಚ್ಚಬೇಕಂತ ಗೇಟಿನ ಹೊರಗ ಹೋದೆ. ಇಷ್ಟು ಅಗಲ ರಸ್ತಾ, ನರಮನುಷ್ಯ ಇಲ್ಲ. ಅಂಗಡಿ ಶಟರ್ ಎಲ್ಲಾ ಕೆಳಗ. ಸಿಮ್ಮಿನ ಅಂಗಡಿ ಮುಂದ ನಿಂತು ಬಾಗ್ಲ ಬಡದೆ, ಒಳಗಿಂದ ನಾಯಿ ಬೊಗಳ್ತು. ಬಳ್ಳಾರಿ ಬಿಸ್ಲು ಉಂಡ ಮೈ ನಂದು, ಆದ್ರೂ ಅಲ್ಲಿ ಬೆವರು ಮೈಗೆ ಅಂಟಿ ಉಸಿರು ಕಟ್ಟಿದಂಗ ಆಗಾಕತ್ತಿತ್ತು. ಸೀದಾ ನಡದ್ರ ಎಲ್ಲಿಗೆ ಹೋಗ್ತೀನಿ? ಸುತ್ತೂ ಸಮುದ್ರ, ಪಾಸ್‌ಪೋರ್ಟು ಮೇಷ್ಟ್ರ ಬ್ಯಾಗಿನ್ಯಾಗ. ನಮ್ಮ ಊರಾಗಾಗಿದ್ರ ಅಕ್ಕನ್ನ ಕೈ ಹಿಡಿದು ಮೋಕಕ್ಕ ಮಗಳ ಮನಿಗೆ ಬಸ್ ಹತ್ತಿಸಿ, ಏನು ಮಾಡ್ಕಂತೀರೋ ಮಾಡ್ಕಳ್ರಿ ಅಂತಿದ್ದೆ. ಅದಕ್ಕೇ ಇರಬೇಕು ಇವ್ರು ಇಷ್ಟು ದೂರ ಕರ್ಕಂಡು ಬಂದದ್ದು ಅಂತ ನನಗ ಆವಾಗ ಹೊಳೀತು. ತಿರುಗಿ ಬಂದೆ.

ಮಧ್ಯಾಹ್ನ ಇನ್ನೊಂದು ಸಂಗ್ತಿ ಆತು. ಅಕ್ಕ ರಾತ್ರಿ ಅಡಿಗಿಗೆ ಅಂತ ಬ್ಯಾಳಿ ತೊಳದು, ಒಲಿಗೆ ಕಡ್ಡಿ ಗೀರಾಕ ಹೋದ್ಲು. ಆ ಧರ್ಮಶಾಲಿ ಹೆಂಗಸು ಓಡಿ ಬಂದು ಕಡ್ಡಿ ಕಸ್ಕಂಡ್ಲು. ಬಾಯಿಮ್ಯಾಲ ಕೈ ಇಟ್ಟು, ಆಕಾಶ ತೋರಿಸಿ, ಎರಡೂ ಕೈ ಅಡ್ಡಾಡಿಸಿದ್ಲು. ಮೇಷ್ಟ್ರು ಬಂದು ಆಕಿಗೆ ತಿಳಿಯೋ ಹರಕು ಇಂಗ್ಲಿಷಿನ್ಯಾಗ ಕೇಳಿ ಹೇಳಿದ್ರು: ಹಳೇ ವರ್ಷ ಮುಗಿದು ಹೊಸಾದು ಹುಟ್ಟೋ ನಡುವ ಅವ್ರಿಗೆ ಒಂದು ಹೊತ್ತು ಐತಂತ. ಆ ಹೊತ್ತಿನ್ಯಾಗ ಒಲಿ ಹಚ್ಚಂಗಿಲ್ಲ, ಕೆಲ್ಸ ಮಾಡಂಗಿಲ್ಲ, ಏನೂ ಶುರು ಮಾಡಂಗಿಲ್ಲ. ಮುಂದ ಒಲಿ ಹಚ್ಚೋ ಗಳಿಗಿ ಬಂದಾಗ ಇಡೀ ದೇಶ ಒಂದೇ ಸಲ ಹಚ್ತೈತಂತ. ನಮ್ಮ ಮಂದಿ ಇಂಥ ಗಳಿಗಿಗಿಳಿಗಿ ನಂಬೋರಲ್ಲ. ಆದ್ರ ಮನಿಯಾಕಿ ಕೈಮುಗಿದು ಬ್ಯಾಡ ಅಂದ ಮ್ಯಾಲ ಏನು ಮಾಡೋದು. ತಂದಿದ್ದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಹಂಚ್ಕಂಡು ತಿಂದು ಎಲ್ರೂ ಅಡ್ಡಾದ್ರು.

ಅಕ್ಕ ಅಡಿಗಿ ಮನಿ ಮೆಟ್ಟಲ ಮ್ಯಾಲ ಕುಂತ್ಲು. ಕೈ ಮಡಿಲಾಗಿದ್ವು. ಆಕಿ ಕೈ ಹಂಗ ಸುಮ್ಕಿದ್ದದ್ದು ನಾನು ಹುಟ್ಟಿದಾಗಿಂದ ನೋಡಿದ್ದಿಲ್ಲ. ಬಾಣಂತಿಯಾಗಿದ್ದಾಗಲೂ ಬಿದ್ಕಂಡಲ್ಲೇ ಅಕ್ಕಿ ಆರಿಸ್ತಿದ್ಲು. ನಾನು ಪಕ್ಕ ಕುಂತೆ. ಬ್ಯಾಡ ಅಂದುಬಿಡು ಅಂದೆ. ಹತ್ತು ಸಲ ಅಂದೆ. ಅಷ್ಟು ಮಂದಿ ಮುಂದ ಬ್ಯಾಡ ಅಂದ್ರ ಏನು ಮಾಡ್ತಾರ, ನುಂಗ್ತಾರೇನು, ನಾನಿದೀನಿ ಅಂದೆ.

"ನನಗ ಹೆದ್ರಿಕಿ ಆಗಾಕತ್ತೈತಿ ಸುಮಂಗಲಾ," ಅಂದ್ಲು. "ಮುಂಜಾನಿ ಎದ್ದು ಚಾ ಯಾರಿಗೆ ಇಡ್ಲಿ? ಬ್ಯಾಡ ಅಂದ್ರ, ಸಾಯೋತನಕ ನನ್ನ ಮಾರಿ ನೋಡಿದಾಗೆಲ್ಲ ಇಕಿಯಿಂದ ತಪ್ಪಿತು ಅಂತಾರ. ಹೂಂ ಅಂದ್ರ ನಾನೊಬ್ಬಾಕಿನೇ ಇಮಾನ ಹತ್ತಬೇಕು. ಎರಡೂ ಕಡಿ ಬಾಗ್ಲ ಹಾಕಿ ಚಿಲಕ ಜಡಿದಾರ."

ನನಗ ಅಳು ಬಂತು. ಆಕಿಗೆ ಬರ್ಲಿಲ್ಲ. ಒಂದ್ಸಲ ಗಂಡಸ್ರ ಹಾಲಿನ ಕಡಿ ನೋಡಿದ್ಲು. ಭಾವನ ಬಿಪಿ ಗುಳಿಗಿ ಆಕಿ ಬ್ಯಾಗಿನ್ಯಾಗಿತ್ತು, ಅದನ್ನ ಗುರುಬಸಮ್ಮನ ಗಂಡನ ಕೈಯಾಗ ಕೊಟ್ಟು ಕಳಿಸು, ಉಂಡ ಮ್ಯಾಲ ಒಂದು ಅಂತ ಹೇಳು ಅಂದ್ಲು. ನಾನು ಗುಳಿಗಿ ಕೊಟ್ಟು ಬಂದೆ. ಕೊಡಬಾರದಿತ್ತು ಅಂತ ಈಗಲೂ ಒಮ್ಮೊಮ್ಮೆ ಅನಿಸ್ತೈತಿ, ಅದು ನನ್ನ ಸಿಟ್ಟು.

ಹದಿನಾಲ್ಕರ ಮುಂಜಾನಿ ಊರೆಲ್ಲ ಪಟಾಕಿ. ಧರ್ಮಶಾಲಿ ಹೆಂಗಸು ಹೊಸಾ ಮಣ್ಣಿನ ಗಡಿಗ್ಯಾಗ ಹಾಲು ಉಕ್ಕಿಸಿ, ಹಾಲಿನ ಅನ್ನ ಮಾಡಿ ನಮಗೂ ಬಾಳಿ ಎಲಿ ಮ್ಯಾಲ ಕೊಟ್ಲು. ಅಕ್ಕನ ಕೈ ಹಿಡಿದು ತಾನೇ ಒಂದು ತುತ್ತು ಬಾಯಿಗಿಟ್ಲು. ಆಕಿಗೆ ನಮ್ಮ ಗದ್ಲ ಗೊತ್ತಿತ್ತೋ ಇಲ್ಲೋ.

ಬೋಧಿ ಮರಕ್ಕ ಹೋಗಿ ಕೈ ಮುಗಿದು ಬಂದ್ವಿ. ಅಲ್ಲಿ ಸಾವಿರಾರು ಮಂದಿ ಬೆಳ್ಳನ್ನ ಬಟ್ಟಿಯಾಗ. ನಡುವ ನಮ್ಮ ಒಂದು ಹಿಡಿ ಮಂದಿ ನೀಲಿ ಸೀರಿ, ನೀಲಿ ಶಾಲು ಹಾಕ್ಕಂಡು ಜೈ ಭೀಮ್ ಅಂತ ಕೂಗಿದ್ವಿ. ಅಷ್ಟೇ ನಮ್ಮ ಜಯಂತಿ. ಅಲ್ಲಿಂದ ಪಕ್ಕದ ವಿಹಾರಕ್ಕ ಕರ್ಕಂಡು ಹೋದ್ರು. ಹಾಲಿನ್ಯಾಗ ಚಾಪಿ ಹಾಸಿದ್ರು. ದೊಡ್ಡ ಭಂತೇಜಿ, ಭಾಳ ವಯಸ್ಸಾದವ್ರು, ಎತ್ತರದ ಪೀಠದ ಮ್ಯಾಲ ಕುಂತಿದ್ರು. ಅವ್ರ ಮುಂದ ಮಡಿಚಿದ ಚೀವರ ಇತ್ತು.

ಭಾವ ಒಳಗಿಂದ ಬಂದ. ತಲಿ ಬೋಳಿಸಿದ್ರು. ಹುಬ್ಬನ್ನೂ ಬಿಟ್ಟಿದ್ದಿಲ್ಲ. ಇನ್ನೂ ಹೆಂಡ್ತಿನ್ನ ಕೇಳೇ ಇಲ್ಲ, ಅಷ್ಟರಾಗೇ ಬೋಳಿಸ್ಕಂಡು ಬಂದಾನಲ್ಲ. ಇವ್ರ ಲೆಕ್ಕದಾಗ ನಮ್ಮಕ್ಕ ಹೂಂ ಅಂದು ಯಾವ ಕಾಲ ಆಗೈತೋ ಅಂತ ಮೈಯೆಲ್ಲ ಉರಿದುಹೋತು.

ಭಾವ ಭಂತೇಜಿ ಮುಂದ ಮಂಡಿ ಊರಿ ಪಾಳಿ ಭಾಷಾದಾಗ ಏನೋ ಮೂರು ಸಲ ಅಂದ. ಒಂದಕ್ಷರ ತಪ್ಪಲಿಲ್ಲ. ಎಷ್ಟು ತಿಂಗಳಿಂದ ಬಾಯಿಪಾಠ ಮಾಡಿದ್ನೋ. ನಾವು ಮನ್ಯಾಗ ಅಂವ ಮುಂಜಾನಿ ಪ್ರಾರ್ಥನಾ ಮಾಡ್ತಾನ ಅಂದ್ಕಂಡು, ಸಪ್ಪಳ ಮಾಡಬಾರದಂತ ಪಾತ್ರಿ ಹೊರಗ ಒಯ್ದು ತೊಳೀತಿದ್ವಿ. ಭಂತೇಜಿ ಕೇಳಿಸ್ಕಂಡು, ಅಕ್ಕನ ಕಡಿ ತಿರುಗಿ, ಇಂಗ್ಲಿಷಿನ್ಯಾಗ ನಿಧಾನಕ್ಕ ಏನೋ ಕೇಳಿದ್ರು. ಉದ್ದ ಮಾತು. ಮೇಷ್ಟ್ರು ನಗುಮಾರಿ ಮಾಡಿ, ಅಕ್ಕಾರ, ಹೂಂ ಅನ್ರಿ ಅಂದ್ರು.

"ಅವ್ರು ಕೇಳಿದ್ದೇನು ಅದನ್ನ ಹೇಳ್ರಿ ಮೇಷ್ಟ್ರ," ಅಂದೆ ನಾನು. "ಉತ್ತರ ನೀವು ಹೇಳಬ್ಯಾಡ್ರಿ."

ಹಿಂದ ಯಾರೋ ಉಸ್ಸ್ ಅಂದ್ರು. ಮೇಷ್ಟ್ರು ಕೆಂಪಾದ್ರು. ಆಮ್ಯಾಲ ಹೇಳಿದ್ರು: ನಿಮ್ಮ ಗಂಡ ಮನಿ ಬಿಟ್ಟು ಹೋಗಬೇಕಂತಾನ. ಯಾರದೂ ಒತ್ತಾಯ ಇಲ್ದ, ನಿಮ್ಮ ಮನಸಿನಿಂದ ನೀವು ಕಳಿಸಿ ಕೊಡ್ತೀರೇನು ಅಂತ ಕೇಳ್ತಾರ. ಭಂತೇಜಿ ಅಕ್ಕನ್ನೇ ನೋಡಾಕತ್ತಿದ್ರು. ಅಷ್ಟು ಮಂದ್ಯಾಗ ಆ ಮುದುಕ ಒಬ್ಬ ಖರೇನೇ ಉತ್ತರಕ್ಕ ಕಾಯಾಕತ್ತಿದ್ದ.

ಅಕ್ಕ ಎದ್ದು ನಿಂತ್ಲು. ಸೆರಗು ಸರಿ ಮಾಡ್ಕಂಡ್ಲು. ನಾನು ಆಕಿ ಬ್ಯಾಡ ಅಂತಾಳ ಅಂತ ಕಾದೆ, ಗುರುಬಸಮ್ಮ ಹೂಂ ಅಂತಾಳ ಅಂತ ಕಾದ್ಲು.

"ನೀವು ಯಾಕ ಕೇಳ್ತೀರಿ ಭಂತೇಜಿ," ಅಂದ್ಲು ಅಕ್ಕ. "ಹೋಗೋರು ಅವ್ರು. ಅವ್ರು ಕೇಳ್ಲಿ."

ಮೇಷ್ಟ್ರು ಅದನ್ನ ಇಂಗ್ಲಿಷಿಗೆ ಮಾಡಾಕ ಒದ್ದಾಡಿದ್ರು. ಭಂತೇಜಿ ತಲಿ ಆಡಿಸಿ, ಭಾವಗ ಮೌನ ಬಿಡು, ಹೋಗಿ ಕೇಳು ಅನ್ನೋ ಹಂಗ ಕೈ ಮಾಡಿದ್ರು.

ಭಾವ ಎದ್ದು ಬಂದ. ಅಕ್ಕನ ಮುಂದ ನಿಂತ. ಪಾಳಿ ಅಷ್ಟು ನಿರರ್ಗಳ ಅಂದ ಬಾಯಿ ಈಗ ತೆರೀತು, ಮುಚ್ತು. ಕೂದ್ಲ ಸವರ್ಕಳ್ಳಾಕ ಕೈ ಎತ್ತಿದ, ಬೋಳು ಸಿಕ್ತು, ಕೈ ಇಳಿಸಿದ. ಮಾರಿಯಾಗ ಬೆವರು ಹನಿ ಹನಿ ನಿಂತಿದ್ವು. ಎಲ್ರೂ ನೋಡಾಕತ್ತಿದ್ರು. ಎಷ್ಟು ಹೊತ್ತು ಹಂಗ ನಿಂತಿದ್ನೋ, ಹೊರಗ ಪಟಾಕಿ ಹಾರಿ ಹಾರಿ ನಿಂತ್ವು. ಕಡೀಗೆ ಅಕ್ಕನ ಮುಂದ ಚಾಪಿ ಮ್ಯಾಲ ಕುಂತುಬಿಟ್ಟ. ಅಕ್ಕನೂ ಕುಂತ್ಲು. ಇಬ್ರ ಮಾರಿ ಎದುರಾಬದುರು ಆದ್ವು.

"ಈರಮ್ಮಾ," ಅಂದ. ಆ ಹೆಸರು ಅವನ ಬಾಯಾಗ ನಾನು ಕೇಳಿದ್ದು ಅದೇ ಮೊದ್ಲು. "ನಾ ಹೋಗ್ಲೇನು?"

ಅಕ್ಕ ಅವನ್ನ ನೋಡಿದ್ಲು. ಬೋಳು ತಲಿ, ಹುಬ್ಬಿಲ್ಲದ ಕಣ್ಣು, ಗದ್ದದ ಹತ್ರ ಕ್ಷೌರದ ಕತ್ತಿ ತಾಗಿ ಸಣ್ಣ ಗಾಯ, ಎಲ್ಲಾ ನೋಡಿದ್ಲು. ನಲವತ್ತು ವರ್ಷದಾಗ ಅಷ್ಟು ಹೊತ್ತು ಆಕಿ ಗಂಡನ ಮಾರಿ ನೋಡಿರಾಕಿಲ್ಲ. ಆಕಿ ತುಟಿ ಹೂಂ ಅನ್ನೋ ಹಂಗ ಕೂಡಿದ್ದು ನಾನು ಕಣ್ಣಾರೆ ಕಂಡೆ.

"ಬ್ಯಾಡ್ರಿ," ಅಂದ್ಲು.

ಹಾಲೆಲ್ಲ ಗುಜುಗುಜು ಆತು. ಮೇಷ್ಟ್ರು ಅಕ್ಕಾರ ಅಕ್ಕಾರ ಅಂತ ಏನೋ ಹೇಳಾಕ ಬಂದ್ರು. ಭಂತೇಜಿ ಕೈ ಎತ್ತಿ ಅವ್ರನ್ನ ನಿಲ್ಲಿಸಿದ್ರು. ಯಾರೂ ಅವ್ರಿಗೆ ಮಾತು ತಿರುವಿ ಹೇಳಿದ್ದಿಲ್ಲ, ಆದ್ರೂ ತಿಳೀತು. ಚೀವರದ ಗಂಟನ್ನ ಎತ್ತಿ ಪಕ್ಕಕ್ಕ ಇಟ್ರು. ಭಾವ ತಲಿ ಬಗ್ಗಿಸಿ ಕುಂತಾವ ಕುಂತೇ ಇದ್ದ, ಭುಜ ಅಲ್ಲಾಡಾಕತ್ತಿದ್ವು. ಅಂವ ಅಳೋದನ್ನೂ ನಾನು ಅವತ್ತೇ ಮೊದ್ಲು ನೋಡಿದ್ದು. ನನಗ ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಅವತ್ತಿನ ದಿನ ಹೆಂಗ ಕಳೀತೋ. ಬಸ್ಸು ಹದಿನೈದಕ್ಕ. ಅಲ್ಲೀತನಕ ಅದೇ ಧರ್ಮಶಾಲಿ, ಅದೇ ಮಂದಿ, ಹೊರಗ ಅದೇ ಮುಚ್ಚಿದ ಊರು. ನಿನ್ನಿ ಕಾಲು ಮುಟ್ಟಿದವ್ರು ಇವತ್ತು ಅಕ್ಕ ಎದುರಿಗೆ ಬಂದ್ರ ದಾರಿ ಬಿಟ್ಟು ಹೋದ್ರು. ದೇವರಂಥ ಗಂಡಸಿನ ದಾರಿಗೆ ಕಲ್ಲು ಹಾಕಿದ್ಲು ಅಂತ ಗುರುಬಸಮ್ಮ ನಮಗ ಕೇಳೋ ಹಂಗೇ ಅಂದ್ಲು. ಹಂಗಂದಾಕಿ ರಾತ್ರಿ ಊಟಕ್ಕ ಮಾತ್ರ ಅಕ್ಕ ಮಾಡಿದ ಸಾರೇ ಸುರಕೊಂಡ್ಲು, ಎರಡು ಸಲ ಹಾಕಿಸ್ಕಂಡು. ಅದನ್ನ ನಾನು ಬಾಯಿಬಿಟ್ಟು ಅಂದೆ. ಅಕ್ಕ ನನ್ನ ತೊಡಿ ಚಿವುಟಿದ್ಲು. ಭಾವ ಗಂಡಸ್ರ ಹಾಲಿಗೆ ಹೋಗ್ಲಿಲ್ಲ, ನಮ್ಮ ಕಡೀಗೂ ಬರ್ಲಿಲ್ಲ, ನಡುವಿನ ಪಡಸಾಲ್ಯಾಗ ಕಂಬಕ್ಕ ಒರಗಿ ಕುಂತ. ಅಕ್ಕ ತಾಟು ಒಯ್ದು ಮುಂದ ಇಟ್ಲು. ಉಂಡ. ಗುಳಿಗಿ ಕೊಟ್ಲು. ತಗಂಡ.

ಮರುದಿನ ಬಸ್ಸು ಬಂತು. ಭಾವ ಮುಂದಿನ ಸೀಟಿನ್ಯಾಗ ಒಬ್ನೇ ಕುಂತ, ಪಕ್ಕ ಯಾರೂ ಕೂಡ್ಲಿಲ್ಲ. ನಾವಿಬ್ರು ಹಿಂದ. ಅಂಗಡಿಗಳು ಒಂದೊಂದಾಗಿ ಬಾಗ್ಲ ತೆರ್ಯಾಕತ್ತಿದ್ವು. ನಾನು ಅಕ್ಕನ ಕೈ ಹಿಡ್ಕಂಡು, ನೀನು ಚೊಲೋ ಮಾಡ್ದಿ, ಜೀವನದಾಗ ಒಂದ್ಸಲರ ನಿನ್ನ ಮಾತು ನಡೀತು, ಅವ್ರಿಗೆಲ್ಲ ಬುದ್ಧಿ ಬಂತು ಅಂದೆ. ಊರು ಮುಟ್ಟಿದ ಮ್ಯಾಲ ಯಾರು ಏನಂದ್ರೂ ನಾನು ನೋಡ್ಕಂತೀನಿ ಅಂದೆ. ಇನ್ನೂ ಏನೇನೋ ಅಂದೆ. ಅಕ್ಕ ಮುಂದಿನ ಸೀಟಿನ ಮ್ಯಾಲ ಕಾಣೋ ಆ ಬೋಳು ತಲಿ ನೋಡ್ತಾ ಕುಂತಿದ್ಲು.

"ನಾನು ಹೂಂ ಅನ್ನಬೇಕಂತೇ ಹೋಗಿದ್ದೆ ಸುಮಂಗಲಾ," ಅಂದ್ಲು. "ಒಂದ್ಸಲ ನನ್ನ ಕೇಳಿಬಿಟ್ರ ಸಾಕು, ಕಳಿಸಿಬಿಡ್ತೀನಿ ಅಂತ ಗಟ್ಟಿ ಮಾಡಿದ್ದೆ. ಕೇಳಿದ್ರು ನೋಡು. ಹೆಸರು ಹಿಡಿದು ಕೇಳಿದ್ರು. ಅಂಥಾ ಗಂಡನ್ನ ಹೆಂಗ ಬಿಟ್ಟು ಬರ್ಲಿ?"

ಬಸ್ಸು ಒಂದು ಕೆರಿ ದಂಡಿ ಹಿಡಿದು ಹೊಂಟಿತ್ತು.

"ಪಾಪ," ಅಂದ್ಲು ಅಕ್ಕ. "ಅವ್ರು ಕೇಳಬಾರದಿತ್ತು."